ಮಾವನ ಗೇಟು ದಾಟಿದ ಮೊಟ್ಟೆಗಳು

ನಮ್ಮ ಮಾವನ ಮನೆಯ ದೇವರ ಕೋಣೆಗೆ ದೇವರು ಬಂದದ್ದು ಕೂಡ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ ಮೇಲೆಯೇ ಇರಬೇಕು. ಇಲ್ಲದಿದ್ದರೆ ಮಾವ ಒಳಗೆ ಬಿಟ್ಟಿರುವ ಸಾಧ್ಯತೆಯೇ ಇಲ್ಲ!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಭದ್ರಾವತಿಯ ಒಂದು ಫೌಂಡ್ರಿಯ ಗೇಟಿನಲ್ಲಿ ಅವರ ಕೆಲಸ. ಶಿಫ್ಟ್ ಮುಗಿಸಿ ಹೊರಗೆ ಬರುವವರ ಟಿಫಿನ್ ಡಬ್ಬಿ ತೆಗೆಸಿ, ಒಳಗೆ ಕಬ್ಬಿಣದ ಚೂರು, ಹಿತ್ತಾಳೆಯ ತುಣುಕು ಏನಾದರೂ ಇದೆಯೇ ಎಂದು ನೋಡಬೇಕು. ಉಳಿದ ಗೇಟಿನವರು ಮುಚ್ಚಳ ಎತ್ತಿದರೆ ಸಾಕು, ಹೋಗು ಎನ್ನುತ್ತಿದ್ದರು. ನಮ್ಮ ಮಾವ ಉಳಿದ ಚಿತ್ರಾನ್ನವನ್ನು ಚಮಚದಲ್ಲಿ ಕೆದಕಿ ನೋಡುವವರು. ಮೊಸರನ್ನದೊಳಗೆ ಬೋಲ್ಟು ಮುಳುಗಿರುವುದಿಲ್ಲ ಎಂದು ಯಾರು ಹೇಳಬಲ್ಲರು?

ಗೇಟಿನ ಕೆಲಸ ಗೇಟಿನಲ್ಲೇ ಮುಗಿದಿದ್ದರೆ ನಮಗೂ ನೆಮ್ಮದಿಯಿತ್ತು. ಅದು ಮಾವನ ಜೊತೆ ಸೈಕಲ್ ಹತ್ತಿ ಮನೆಗೂ ಬರುತ್ತಿತ್ತು. ಮದುವೆ ಮನೆಯಲ್ಲಿ ತಾಂಬೂಲದ ಚೀಲ ಕೊಟ್ಟರೆ ಅಲ್ಲೇ ತೆಂಗಿನಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಡಾಕ್ಟರು, ನಿಮಗೆ ಬಿಪಿ ಇಲ್ಲ ಎಂದರೆ, "ಇಲ್ಲ ಅಂತ ಅಷ್ಟು ಬೇಗ ಯಾಕೆ ಹೇಳಿದ?" ಎಂದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಅತ್ತೆ ತವರಿನಿಂದ ಬಂದರೆ ಬಾಗಿಲಲ್ಲೇ, "ಹೋಗುವಾಗ ಈ ಬ್ಯಾಗು ಇಷ್ಟು ದಪ್ಪ ಇರ್ಲಿಲ್ಲ."

"ನಮ್ಮಮ್ಮ ಚಕ್ಕುಲಿ ಕಟ್ಟಿಕೊಟ್ಟಿದಾರೆ ಮಾರಾಯ್ರೇ, ಕದ್ದು ತಂದಿಲ್ಲ."

"ಯಾಕೆ ಕೊಟ್ರು? ಹೋದ ಸಲ ಕೊಟ್ಟಿರ್ಲಿಲ್ಲ."

ಅತ್ತೆ ತಾಳ್ಮೆಯವರು. ಒಂದು ಚಕ್ಕುಲಿ ಮುರಿದು ಅವರ ಬಾಯಿಗೆ ತುರುಕಿ ಒಳಗೆ ಹೋಗುತ್ತಿದ್ದರು. ವಿಚಾರಣೆ ಅಲ್ಲಿಗೆ ಮುಂದೂಡಲ್ಪಡುತ್ತಿತ್ತು.

ಮಾವ ತಮ್ಮ ಗೇಟಿನ ಸಾಹಸಗಳಲ್ಲೆಲ್ಲ ಒಂದನ್ನು ಮಾತ್ರ ಪ್ರತಿ ನಾಮಕರಣ, ಪ್ರತಿ ಗೃಹಪ್ರವೇಶದಲ್ಲಿ ತಪ್ಪದೆ ಹೇಳುತ್ತಿದ್ದರು. ಮೋಲ್ಡಿಂಗ್ ವಿಭಾಗದಲ್ಲಿ ಒಬ್ಬ ತಮಿಳಿನವನಿದ್ದ. ಒಂದು ಸಂಜೆ ಅವನ ಡಬ್ಬಿಯ ತಳದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಬ್ಬಿಣದ ಚೂರು ಸಿಕ್ಕಿತು. ಏನಿದು ಎಂದು ಕೇಳಿದರೆ, "ಕೋಳಿಗೆ ಸಾರ್" ಎಂದನಂತೆ! ಇಲ್ಲಿಗೆ ಬಂದಾಗ ಮಾವ ಕೇಳುವವರ ಮುಖವನ್ನೆಲ್ಲ ಒಮ್ಮೆ ನೋಡುತ್ತಿದ್ದರು. "ಕೋಳಿಗೆ ಕಬ್ಬಿಣವಂತೆ ಕಣ್ರೀ! ನಾನೂ ಕೇಳಿದೆ, ಏನಪ್ಪಾ, ನಿನ್ನ ಕೋಳಿ ಬೋಲ್ಟು ತಿಂದು ನಟ್ಟು ಇಡುತ್ತಾ ಅಂತ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮದು ಲಿಂಗ ಕಟ್ಟಿದವರ ಮನೆತನ. ಕೋಳಿ ಎಂದರೆ ರಸ್ತೆಯಲ್ಲಿ ಸೈಕಲ್ಲಿಗೆ ಅಡ್ಡ ಬರುವ ಪ್ರಾಣಿ ಎಂಬುದಕ್ಕಿಂತ ಹೆಚ್ಚಿನ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ಮನುಷ್ಯನಿಗೆ ಒಂದು ತಿಂಗಳು ಸಸ್ಪೆಂಡ್ ಆಯಿತು. "ನನ್ನ ಸರ್ವೀಸಿನಲ್ಲಿ ಕೇಳಿದ ಸುಳ್ಳುಗಳಲ್ಲೆಲ್ಲ ಫಸ್ಟ್ ಪ್ರೈಜು ಅದಕ್ಕೇ" ಎಂದು ಮಾವ ಕಥೆ ಮುಗಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಮಾವ, ಅತ್ತೆ ಶಿವಮೊಗ್ಗಕ್ಕೆ ಬಂದು ರಾಗಿಗುಡ್ಡದ ಕಡೆ ಒಂದು ಸಣ್ಣ ಮನೆ ಮಾಡಿದರು. ಮನೆಗಿಂತ ಮೊದಲು ಗೇಟು ಹಾಕಿಸಿದರು ಎಂದು ಬೇರೆ ಹೇಳಬೇಕೆ?

ಆ ಮನೆಗೆ ನಾನು ಬಂದದ್ದು ನನ್ನ ಯಜಮಾನರು ತೀರಿಕೊಂಡ ವರ್ಷ. ಮಾವನೇ ಬಂದು ಕರೆದುಕೊಂಡು ಹೋದರು. ಅವರ ಗೇಟಿನಲ್ಲಿ ನನ್ನ ಟ್ರಂಕನ್ನು ತೆಗೆಸಿ ನೋಡಲಿಲ್ಲ ಎಂಬುದು ಆ ದಿನ ನನ್ನ ಗಮನಕ್ಕೆ ಬರಲಿಲ್ಲ. ಆಗ ನನಗೆ ಯಾವುದೂ ಗಮನಕ್ಕೆ ಬರುತ್ತಿರಲಿಲ್ಲ. ನಡುಮನೆಯ ಕಿಟಕಿಯ ಪಕ್ಕ ಒಂದು ಚಾಪೆ ಹಾಸಿಕೊಂಡು ಕೂತಿರುತ್ತಿದ್ದೆ. ಅತ್ತೆ ತಟ್ಟೆ ತಂದಿಟ್ಟರೆ ಎರಡು ತುತ್ತು ತಿಂದು ಉಳಿದದ್ದನ್ನು ಬದಿಗೆ ಸರಿಸುತ್ತಿದ್ದೆ. ಊಟ ಆಯಿತಾ ಎಂದು ಕೇಳಿದರೆ ಆಯಿತು ಎನ್ನುತ್ತಿದ್ದೆ. ಅದು ಸುಳ್ಳೆಂದು ಅತ್ತೆಗೂ ಗೊತ್ತಿತ್ತು.

ನಾನು ಬರುವ ಹೊತ್ತಿಗಾಗಲೇ ಹಿತ್ತಲಿನಲ್ಲಿ ಎರಡು ಸಿಲ್ಕಿ ಕೋಳಿಗಳಿದ್ದವು.

ಲಿಂಗ ಕಟ್ಟಿದವರ ಹಿತ್ತಲಿಗೆ ಕೋಳಿ ಹೇಗೆ ಬಂತು? ಫೌಂಡ್ರಿಯ ಇಂಜಿನಿಯರ್ ಒಬ್ಬರು ಕೆಲಸ ಬಿಟ್ಟು ಊರಿಗೆ ಹೋಗುವಾಗ, ಮಕ್ಕಳು ಆಸೆಪಟ್ಟು ಸಾಕಿದ್ದ ಎರಡು ಮರಿಗಳನ್ನು ಶೂ ಡಬ್ಬಿಯಲ್ಲಿ ತಂದು ಮಾವನ ಕೈಗೆ ಕೊಟ್ಟರಂತೆ. "ನನಗೇ ಯಾಕೆ ಸಾರ್?" ಎಂದು ಮಾವ ಸಹಜವಾಗಿಯೇ ಅನುಮಾನಪಟ್ಟರು. "ನಮಗೆ ಗೊತ್ತಿರೋರಲ್ಲಿ ಇವನ್ನು ಸಾರು ಮಾಡದೇ ಇರೋರು ನೀವೊಬ್ಬರೇ" ಎಂದರಂತೆ ಅವರು. ಈ ವಾದದಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದೆ ಮಾವ ಡಬ್ಬಿ ತಂದುಬಿಟ್ಟರು.

ಸಿಲ್ಕಿ ಕೋಳಿಯನ್ನು ನೀವು ನೋಡಿರದಿದ್ದರೆ, ಹಾಸಿಗೆಯಿಂದ ತಪ್ಪಿಸಿಕೊಂಡು ಬಂದ ಹತ್ತಿಯ ಉಂಡೆಗೆ ಕೊಕ್ಕು ಬಂದಿದೆ ಎಂದುಕೊಳ್ಳಿ. ತಲೆಯ ಮೇಲೆ ಉಣ್ಣೆಯ ಟೊಪ್ಪಿಗೆ, ಕಾಲಿಗೆ ಕಾಲುಚೀಲ. ಪುಕ್ಕವನ್ನು ಬೆರಳಿನಿಂದ ಸರಿಸಿ ನೋಡಿದರೆ ಒಳಗೆ ಚರ್ಮ ಕಪ್ಪು. ಮಾವ ಸರಿಸಿ ನೋಡದೆ ಇರುತ್ತಾರೆಯೇ!

"ಮೇಲೆ ಬಿಳಿ, ಒಳಗೆ ಕಪ್ಪು! ಇಂಥವರನ್ನ ಗೇಟಿನಲ್ಲಿ ಬೇಕಾದಷ್ಟು ನೋಡಿದೀನಿ" ಎಂದರು. ಆಮೇಲೆ ಕಾಲು ಎತ್ತಿ ಬೆರಳು ಎಣಿಸಿದರು. "ಎಲ್ಲಾ ಕೋಳಿಗೂ ನಾಲ್ಕು ಬೆರಳು. ಇದಕ್ಕೆ ಐದು. ಇನ್ನೊಂದು ಎಲ್ಲಿಂದ ತಂತು?"

ಎರಡೂ ಹೇಂಟೆಗಳು, ಇನ್ನೂ ಎಳೆಯವು. ಇವು ಬೆಳೆದು ಮೊದಲ ಮೊಟ್ಟೆ ಇಟ್ಟ ದಿನ ನಾನು ಆ ಮನೆಯಲ್ಲಿದ್ದೆ. ಮಾವ ಮೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿನಲ್ಲೇ ನಿಂತಿದ್ದರು.

"ಹುಂಜ ಇಲ್ಲ. ಮೊಟ್ಟೆ ಹೆಂಗೆ ಬಂತು?"

"ಹುಂಜ ಇಲ್ದಿದ್ರೂ ಇಡ್ತವಂತೆ ಕಣ್ರೀ" ಎಂದರು ಅತ್ತೆ.

"ಯಾರು ಹೇಳಿದ್ದು?"

"ಎದುರುಮನೆ ಅಮ್ಮ."

"ಅವರು ಹೇಳ್ತಾರೆ. ಅವರ ಮನೇಲಿ ಹುಂಜ ಇದೆಯಲ್ಲ!"

ಆ ದಿನದಿಂದ ಎದುರುಮನೆಯ ಹುಂಜದ ಮೇಲೆ ನಿಗಾ ಶುರುವಾಯಿತು. ಪಾಪ, ಅದು ರಸ್ತೆಯ ಆ ಬದಿಯಲ್ಲಿ ತನ್ನ ಪಾಡಿಗೆ ತಿಪ್ಪೆ ಕೆದಕಿಕೊಂಡಿತ್ತು. ಅದು ತಲೆ ಎತ್ತಿ ನಮ್ಮ ಕಡೆ ನೋಡಿದರೆ ಸಾಕು, ಮಾವ ಗೇಟಿನ ಬಳಿ ಹೋಗಿ ಕೆಮ್ಮುತ್ತಿದ್ದರು. ಹಿತ್ತಲಿನ ಗೋಡೆಯ ಮೇಲೆ ಒಡೆದ ಗಾಜು ನೆಡಿಸುವ ಮಾತು ಎದ್ದಾಗ ಅತ್ತೆಗೆ ರೇಗಿಹೋಯಿತು.

"ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನ ಕಾದಂಗೆ ಕೋಳಿ ಕಾಯ್ತೀರಲ್ಲ! ಬೀದಿಯವರು ನಗ್ತಾರೆ."

ಬೀದಿಯವರು ನಗುವುದಷ್ಟೇ ಅಲ್ಲ, ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ವಿಭೂತಿ ಹಚ್ಚಿಕೊಳ್ಳುವ ಮನೆಯಲ್ಲಿ ದಿನಾ ಮೊಟ್ಟೆ ಬಂದರೆ ಅದು ಎಲ್ಲಿಗೆ ಹೋಗುತ್ತದೆ? ಮಾವನ ಮೇಲೆಯೇ ಅನುಮಾನ! ಜೀವಮಾನವಿಡೀ ಇನ್ನೊಬ್ಬರ ಡಬ್ಬಿ ನೋಡಿದವರಿಗೆ ಇದು ಸಹಿಸಲಾಗಲಿಲ್ಲ. ಪ್ರತಿ ಬೆಳಿಗ್ಗೆ ಮೊಟ್ಟೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಆರತಿ ತಟ್ಟೆ ಹಿಡಿದವರಂತೆ ರಸ್ತೆಯ ನಡುವೆ ನಡೆದು, ಎದುರುಮನೆಗೆ ಕೊಟ್ಟು ಬರತೊಡಗಿದರು. ವಾಪಸ್ಸು ಬರುವಾಗ ಖಾಲಿ ಅಂಗೈಯನ್ನು ಎತ್ತಿ ಹಿಡಿದುಕೊಂಡೇ ಬರುತ್ತಿದ್ದರು.

ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಮೊಟ್ಟೆಗೆ ಕೈ ಹಾಕಿದ ಮಾವ 'ಹಾ' ಎಂದು ಕೈ ಹಿಂದೆ ತೆಗೆದರು. ಕುಟುಕಿತ್ತು! ಎರಡೂ ಕೋಳಿಗಳು ಒಂದೇ ಬುಟ್ಟಿಯಲ್ಲಿ ಮೈ ಉಬ್ಬಿಸಿಕೊಂಡು ಚಪ್ಪಟೆಯಾಗಿ ಕೂತಿದ್ದವು. ಏಳುತ್ತಿಲ್ಲ, ತಿನ್ನುತ್ತಿಲ್ಲ, ಮುಂದೆ ಅಕ್ಕಿ ಚೆಲ್ಲಿದರೆ ನೋಡುತ್ತಿಲ್ಲ. ಹತ್ತಿರ ಹೋದರೆ ಕುಕ್ಕರ್ ಕೂಗುವ ಮೊದಲು ಮಾಡುವ ಸದ್ದು. ಮೊಟ್ಟೆ ಇಡುವುದೂ ಬಂದ್.

ಮಾವ ಸ್ವಲ್ಪ ಹೊತ್ತು ನೋಡಿ ತೀರ್ಪು ಕೊಟ್ಟರು. "ಇದು ಧರಣಿ."

"ಎಂತ ಧರಣಿ ಮಾರಾಯ್ರೇ?"

"ಕೆಲಸ ನಿಲ್ಸಿ ಕೂತಿದಾವೆ. ಊಟ ಬಿಟ್ಟಿದಾವೆ. ಹತ್ತಿರ ಹೋದ್ರೆ ಘೋಷಣೆ ಕೂಗ್ತವೆ. ನಾನು ಗೇಟಲ್ಲಿ ಇದನ್ನು ನೋಡಿಲ್ವಾ? ಹಿಂದೆ ಯಾರೋ ಲೀಡರ್ ಇದಾನೆ." ಹೀಗೆಂದು ರಸ್ತೆಯಾಚೆಯ ಹುಂಜದ ಕಡೆ ನೋಡಿದರು.

ಎದುರುಮನೆಯ ಅಮ್ಮ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಧರಣಿ ಅಲ್ಲ ಅಣ್ಣಾರೇ, ಕಾವಿಗೆ ಕೂತಿದಾವೆ. ಮರಿ ಮಾಡೋ ಆಸೆ. ಈ ಜಾತಿಯವಕ್ಕೆ ಹುಚ್ಚು ಜಾಸ್ತಿ ಅಂತಾರೆ, ಎಳೇ ವಯಸ್ಸಿಗೇ ಕೂತ್ಬಿಡ್ತವೆ. ಕೆಳಗೆ ಏನಿದೆ?"

ಎತ್ತಿ ನೋಡಿದರೆ ಕೆಳಗೆ ಒಂದು ಮೊಟ್ಟೆ, ಒಂದು ಈರುಳ್ಳಿ, ಅತ್ತೆ ಹುಡುಕುತ್ತಿದ್ದ ದಾರದ ಉಂಡೆ! ಈರುಳ್ಳಿಯನ್ನು ಅವೆರಡೂ ಎಷ್ಟು ನಂಬಿಕೆಯಿಂದ ಬೆಚ್ಚಗಿಟ್ಟಿದ್ದವೆಂದರೆ, ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಅದು ಚಿಲಿಪಿಲಿ ಎನ್ನುತ್ತಿತ್ತೇನೋ.

"ಹುಂಜ ಇಲ್ದಿರೋ ಮನೆ ಮೊಟ್ಟೆ ಮರಿ ಆಗಲ್ಲ" ಎಂದರು ಆ ಅಮ್ಮ. "ಹುಂಜ ಇರೋ ಮನೆಯಿಂದ ತಂದು ಇಡಿ. ಆಮೇಲೆ ದಿನಕ್ಕೊಂದು ಸಲ ನೀವೇ ಎತ್ತಿ ಹೊರಗೆ ಬಿಡ್ಬೇಕು ಅಣ್ಣಾರೇ. ತಾವಾಗೇ ಏಳಲ್ಲ. ಕೂತಲ್ಲೇ ಕೂತು, ತಿನ್ನದೇ ಕುಡೀದೇ ಸತ್ತಿರೋವೂ ಉಂಟು. ಎತ್ತಿ ಬಿಟ್ರೆ ಬೈಕೊಂಡಾದ್ರೂ ನಾಲ್ಕು ಕಾಳು ತಿಂತವೆ." ಗೇಟಿನವರೆಗೆ ಹೋದವರು ತಿರುಗಿ ಬಂದರು. "ಹಾಂ, ಬುಟ್ಟಿಯಲ್ಲಿ ಒಂದು ಚೂರು ಕಬ್ಬಿಣ ಇಡೋದು ಮರೀಬೇಡಿ."

ಮಾವ ಬುಟ್ಟಿಯಿಂದ ತಲೆ ಎತ್ತಿದರು.

"ಏನಿಡೋದು?" ಎಂದರು ಮಾವ.

"ಕಬ್ಬಿಣ. ಮೊಳೆಯೋ ಬೋಲ್ಟೋ ಏನಾದ್ರೂ. ಗುಡುಗು ಬಂದ್ರೆ ಕಾವಿನ ಮೊಟ್ಟೆ ಕೆಡ್ತವಲ್ಲ, ಕಬ್ಬಿಣ ಇದ್ರೆ ಏನಾಗಲ್ಲ. ಕೋಳಿ ಸಾಕೋರು ಎಲ್ಲರೂ ಇಡ್ತಾರೆ. ನಿಮಗೆ ಗೊತ್ತಿಲ್ವಾ?"

ಮಾವನಿಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಒಂದು ಸಲ ಗೇಟಿನಲ್ಲಿ ನಿಂತು ಅದನ್ನೇ ಹೇಳಿದ್ದ. ಆ ದಿನ ಮಾವ ಊಟಕ್ಕೆ ಕೂತು, ಅನ್ನದ ಮೇಲೆ ಸಾರು ಹಾಕಿಸಿಕೊಂಡು, ಕಲಸುವುದನ್ನು ಮರೆತು ಕೂತರು. ಆ ಮನೆಯಲ್ಲಿ ಅನ್ನ ಬಿಟ್ಟವಳು ನಾನೊಬ್ಬಳೇ ಅಲ್ಲ ಎಂದಾಯಿತು.

ಮರುದಿನ ಬೆಳಿಗ್ಗೆ ಪ್ಯಾಂಟು ಹಾಕಿಕೊಂಡು ಹೊರಟು ನಿಂತರು. ಕೈಯಲ್ಲಿ ಅವರ ಹಳೆಯ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್.

"ಭದ್ರಾವತಿಗೆ ಹೋಗ್ಬರ್ತೀನಿ. ಮೊಟ್ಟೆ ತರ್ಬೇಕು."

ಅತ್ತೆಗೆ ಆಶ್ಚರ್ಯ. "ಎದುರುಮನೆಯಲ್ಲೇ ಹುಂಜ ಇದೆಯಲ್ರೀ. ರಸ್ತೆ ದಾಟಿದ್ರೆ ಮೊಟ್ಟೆ ಸಿಗುತ್ತೆ. ಅದಕ್ಕೆ ಬಸ್ಸು ಹತ್ತಿ ಭದ್ರಾವತಿಗೆ ಯಾಕೆ?"

"ಆ ಹುಂಜದ ಮೇಲೆ ನನಗೆ ನಂಬಿಕೆ ಇಲ್ಲ."

ಅತ್ತೆ ಅವರ ಮುಖ ನೋಡಿದರು. ಡಬ್ಬಿಗಳ ತಳಕ್ಕೆ ಭತ್ತದ ಹೊಟ್ಟು ತುಂಬಿಸಿಕೊಟ್ಟರು, ಮೊಟ್ಟೆ ಒಡೆಯಬಾರದಲ್ಲ. ಮಾವ ನನ್ನ ಚಾಪೆಯ ಹತ್ತಿರ ಬಂದು ನಿಂತು, "ನೀನೂ ಬಾ ಪುಟ್ಟಿ" ಎಂದರು.

"ನಾನು ಯಾಕೆ ಮಾವ?"

"ಹೆಂಗಸರು ಜೊತೆಗಿದ್ರೆ ಹೊಡೆಯಲ್ಲ."

ನಾನು ಆ ಮನೆಗೆ ಬಂದ ಮೇಲೆ ಗೇಟಿನಾಚೆ ಕಾಲಿಟ್ಟದ್ದು ಅದೇ ಮೊದಲು.

ಭದ್ರಾ ಹೊಳೆಯ ಪಕ್ಕದ ಒಂದು ಕೇರಿಯಲ್ಲಿ ಕೇಳಿಕೊಂಡು ಕೇಳಿಕೊಂಡು ಆ ಮೋಲ್ಡಿಂಗಿನವರ ಮನೆ ಮುಟ್ಟಿದೆವು. ಅವರೂ ನಿವೃತ್ತರಾಗಿದ್ದರು. ಅಂಗಳದಲ್ಲಿ ನಾಟಿ ಕೋಳಿಗಳು, ನಡುವೆ ಕಲ್ಲಿನ ಮೇಲೆ ಒಂದು ಕೆಂಪು ಹುಂಜ. ಮಾವನನ್ನು ಕಂಡು ಅವರು ಜಗಲಿಯಿಂದ ಎದ್ದು ನಿಂತರು. ಎಷ್ಟೋ ವರ್ಷಗಳ ಮೇಲೂ ಅವರ ಕೈ ತಾನಾಗಿಯೇ ಪಕ್ಕದಲ್ಲಿ ಡಬ್ಬಿ ಹುಡುಕಿತು ಎಂದು ನನಗನಿಸಿತು.

"ವಾಂಗ ಸಾರ್, ಬನ್ನಿ. ಏನ್ ಸಾರ್ ಇಷ್ಟು ದೂರ?"

"ಮೊಟ್ಟೆ ಬೇಕಿತ್ತು" ಎಂದರು ಮಾವ.

"ಮೊಟ್ಟೆಯಾ? ನೀವಾ? ಸಾರ್, ನೀವು ಲಿಂಗದೋರಲ್ವಾ?"

"ತಿನ್ನೋಕಲ್ಲ." ಮಾವ ಹುಂಜವನ್ನು ನೋಡುತ್ತಾ ಹೇಳಿದರು. "ಮನೇಲಿ ಕೋಳಿ ಕಾವಿಗೆ ಕೂತಿದೆ."

ಒಳಗಿನಿಂದ ಅವರ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತರು. ಹೊಡೆಯುತ್ತಾರೋ, ಬೈಯುತ್ತಾರೋ? ಒಂದು ತಿಂಗಳ ಸಂಬಳ ಹೋಗಿತ್ತು, ಊರಿಡೀ ನಕ್ಕಿತ್ತು. ಕೊನೆಗೆ ಆ ಮನುಷ್ಯ ಬಹಳ ನಿಧಾನವಾಗಿ ಕೇಳಿದರು.

"ಸಾರ್, ಬುಟ್ಟಿಯಲ್ಲಿ ಕಬ್ಬಿಣ ಇಟ್ಟಿದೀರಾ?"

ಮಾವ ತಲೆ ತಗ್ಗಿಸಿದರು. "ಇಲ್ಲ. ಮನೇಲಿ ಕಬ್ಬಿಣದ ಚೂರು ಇಲ್ಲ."

"ಹೆಂಗಿರ್ತದೆ ಸಾರ್? ಗೇಟಲ್ಲಿ ನೀವೇ ಇದ್ರಲ್ಲ!"

ಮೊದಲು ನಕ್ಕದ್ದು ಅವರ ಹೆಂಡತಿ. ಆಮೇಲೆ ಅವರು. ಆಮೇಲೆ, ನಂಬಿ, ನಾನೂ! ಯಾಕೆ ನಕ್ಕೆನೋ ಗೊತ್ತಿಲ್ಲ. ಮಾವ ತಿರುಗಿ ನನ್ನನ್ನು ನೋಡಿದರು. ಯಾವತ್ತಿನ ಅನುಮಾನದ ನೋಟವೇ. ಇವಳು ನಿಜವಾಗಿ ನಗುತ್ತಿದ್ದಾಳೋ ಇಲ್ಲವೋ ಎಂದು ನೋಡುವವರ ಹಾಗೆ.

ಆ ದಂಪತಿ ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿ ಹೊಟ್ಟಿನಲ್ಲಿ ಹುದುಗಿಸಿ ಕೊಟ್ಟರು. ಹೊರಡುವಾಗ ಅಂಗಳದ ತಡಿಕೆ ಬಾಗಿಲಿಗೆ ಆ ಮನುಷ್ಯ ಕೈ ಅಡ್ಡ ಹಿಡಿದರು.

"ನಿಲ್ಲಿ ಸಾರ್. ಡಬ್ಬಿ ತೆಗೀರಿ."

ಮಾವ ಕ್ಯಾರಿಯರಿನ ಕೊಕ್ಕೆ ಬಿಚ್ಚಿ ಮೂರೂ ಡಬ್ಬಿಗಳನ್ನು ತೆರೆದು ತೋರಿಸಿದರು. ಅವರು ಗಂಭೀರವಾಗಿ ಬಗ್ಗಿ ನೋಡಿದರು, ಹೊಟ್ಟನ್ನು ಬೆರಳಿನಿಂದ ಕೆದಕಿದರು. ಜೇಬಿನಿಂದ ಒಂದು ಬೋಲ್ಟು ತೆಗೆದು ತಳದ ಡಬ್ಬಿಗೆ ಹಾಕಿ, "ಪಾಸ್. ಹೋಗಿ ಸಾರ್" ಎಂದರು.

ಮಾವ ಬೋಲ್ಟನ್ನು ಎತ್ತಿ ಬೆಳಕಿಗೆ ಹಿಡಿದರು. ಹಳೆಯ ಚಟ, ಬಾಯಿ ತಡೆಯಲಿಲ್ಲ. "ಇದು ಎಲ್ಲಿಂದ ಬಂತು?"

"ಅಯ್ಯೋ ಮುರುಗಾ! ಹೊಳೆಹೊನ್ನೂರು ಸಂತೇಲಿ ದುಡ್ಡು ಕೊಟ್ಟು ತಗೊಂಡಿದ್ದು ಸಾರ್! ಅಂಗಡಿಯೋನ್ನ ಕರ್ಕೊಂಡ್ ಬರ್ಲಾ?"

ತಪ್ಪಾಯಿತು ಎಂಬ ಪದ ಮಾವನ ಬಾಯಿಯ ಗೇಟು ದಾಟಿ ಎಂದೂ ಹೊರಗೆ ಬಂದದ್ದಿಲ್ಲ. ಅವತ್ತೂ ಬರಲಿಲ್ಲ. ಅವರು ಹೇಳಿದ್ದು ಇಷ್ಟು. "ಪಾಲಿಗೆ ಇಟ್ಕೋತೀನಿ. ಮೊಟ್ಟೆ ನಿಮ್ಮದು, ಕಾವು ನಮ್ಮದು. ಎದ್ದ ಮರಿಯಲ್ಲಿ ಅರ್ಧ ನಿಮಗೆ. ಬಂದು ತಗೊಂಡು ಹೋಗ್ಬೇಕು." ಕೋಳಿ ಸಾಕುವವರಲ್ಲಿ ಇದು ರೂಢಿ ಎಂದು ಎದುರುಮನೆಯವರಿಂದ ಕೇಳಿ ತಿಳಿದುಕೊಂಡೇ ಹೊರಟಿದ್ದರು! ಅವರು ಮಾವನ ಮುಖ ನೋಡಿ, "ಬರ್ತೀನಿ ಸಾರ್" ಎಂದರು.

ಬಸ್ಸಿನಲ್ಲಿ ಮಾವ ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಹೊಂಡಕ್ಕೂ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಪಕ್ಕದವರು, "ಅಜ್ಜಾರೇ, ಕೆಳಗಿಡಿ, ಸಾರು ಚೆಲ್ಲಲ್ಲ" ಎಂದರು. "ಒಳಗೆ ಸಾರು ಇದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಮಾವ ಅವರಿಗೆ ಬೆನ್ನು ತಿರುಗಿಸಿ ಕೂತರು.

ಮೊಟ್ಟೆ ತಂದಿಟ್ಟ ಮೇಲೆ ಮನೆಯಲ್ಲಿ ಅನುಮಾನದ ಹಬ್ಬವೇ ಶುರುವಾಯಿತು. ಮೊದಲ ಸಂಶಯ: ಆ ಮನುಷ್ಯ ಹಳೆಯ ಸೇಡಿಗೆ ಬೇಯಿಸಿದ ಮೊಟ್ಟೆ ಕೊಟ್ಟಿದ್ದರೆ? "ನಾನಾಗಿದ್ರೆ ಕೊಡ್ತಿದ್ದೆ" ಎಂದರು ಮಾವ. ಎರಡನೆಯದು ಕೋಳಿಗಳ ಮೇಲೆ. ಮಾವ ಅವಕ್ಕೆ 'ಎ ಶಿಫ್ಟ್', 'ಬಿ ಶಿಫ್ಟ್' ಎಂದು ಹೆಸರಿಟ್ಟು ಬೇರೆ ಬೇರೆ ಬುಟ್ಟಿಯಲ್ಲಿ ಕೂರಿಸಿ ಮೊಟ್ಟೆ ಸಮನಾಗಿ ಹಂಚಿದ್ದರು. ಮಧ್ಯಾಹ್ನ ನೋಡಿದರೆ ಎ ಶಿಫ್ಟಿನ ಕೆಳಗೆ ರಾಶಿ, ಬಿ ಶಿಫ್ಟಿನ ಕೆಳಗೆ ಬರೀ ಹುಲ್ಲು. ಪಕ್ಕದ ಬುಟ್ಟಿಯಿಂದ ಮೊಟ್ಟೆಯನ್ನು ಕೊಕ್ಕಿನಲ್ಲಿ ಉರುಳಿಸಿಕೊಂಡು ಬಂದು ತನ್ನ ಹೊಟ್ಟೆಯ ಕೆಳಗೆ ತುರುಕಿಕೊಂಡಿತ್ತು!

"ಕಳ್ಳತನ! ನನ್ನ ಮನೇಲಿ! ನನ್ನ ಕಣ್ಣೆದುರಿಗೆ!" ಮಾವ ಇದ್ದಿಲಿನಿಂದ ಮೊಟ್ಟೆಗಳಿಗೆ ಗುರುತು ಹಾಕಿದರು. ಸಂಜೆಯ ಹೊತ್ತಿಗೆ ಬಿ ಶಿಫ್ಟ್ ತನ್ನ ಬುಟ್ಟಿ ಬಿಟ್ಟು ಎ ಶಿಫ್ಟಿನ ಬುಟ್ಟಿಗೇ ಹೋಗಿ ಮೈಗೆ ಮೈ ಒತ್ತಿ ಕೂತಿತ್ತು. "ಒಳಗೊಳಗೇ ರಾಜಿ ಆಗಿದಾವೆ" ಎಂದು ಮಾವ ಕೈಚೆಲ್ಲಿದರು.

ದಿನಕ್ಕೊಮ್ಮೆ ಅವನ್ನು ಎತ್ತಿ ಹೊರಗೆ ಬಿಡುವ ಕೆಲಸವನ್ನು ಮಾತ್ರ ಬೇರೆಯವರಿಗೆ ಕೊಡಲಿಲ್ಲ. ಹಣೆಗೆ ವಿಭೂತಿ, ಕಂಕುಳಲ್ಲಿ ಒಂದೊಂದು ಕೋಳಿ! "ಏಳಿ, ಏಳಿ. ಕೂತ್ಕೊಂಡ್ರೆ ಆಯ್ತಾ? ತಿನ್ನೋದು ಯಾರು ನಿಮ್ಮಪ್ಪನಾ?" ಎಂದು ಬೈಯುತ್ತಾ ಅಂಗಳಕ್ಕೆ ಬಿಡುತ್ತಿದ್ದರು. ಅವು ನಿದ್ದೆಯಿಂದ ಎದ್ದವರ ಹಾಗೆ ಸ್ವಲ್ಪ ಹೊತ್ತು ನಿಂತು, ಗೊಣಗಿಕೊಂಡು ನಾಲ್ಕು ಕಾಳು ತಿಂದು ಓಡಿಹೋಗುತ್ತಿದ್ದವು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮಾವನ ಬೈಗುಳ ಒಮ್ಮೊಮ್ಮೆ ಬೇಕಾದ್ದಕ್ಕಿಂತ ಜೋರಾಗಿ, ಕಿಟಕಿಯ ಕಡೆಗೇ ಬರುತ್ತಿತ್ತು.

ಒಂದು ಮಧ್ಯಾಹ್ನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಳಗೆ ಟಾರ್ಚ್ ಹಚ್ಚಿಕೊಂಡಿದ್ದರು. ಎದುರುಮನೆಯವರು ಹೇಳಿಕೊಟ್ಟ ಪರೀಕ್ಷೆ. ಕತ್ತಲಲ್ಲಿ ಮೊಟ್ಟೆಯ ಹಿಂದೆ ಬೆಳಕು ಹಿಡಿದರೆ ಒಳಗಿನದು ಕಾಣುತ್ತದೆ. ಮುಚ್ಚಳ ತೆಗೆಯದೆ ಡಬ್ಬಿ ನೋಡುವ ವಿದ್ಯೆ! ಇದನ್ನು ಮಾವ ಸರ್ವೀಸಿನಲ್ಲಿದ್ದಾಗ ಯಾರಾದರೂ ಹೇಳಿಕೊಟ್ಟಿದ್ದರೆ ಏನಾಗುತ್ತಿತ್ತೋ.

"ಪುಟ್ಟಿ, ಬಾ ಇಲ್ಲಿ" ಎಂದು ಕರೆದರು. ಹೋಗಿ ನೋಡಿದೆ. ಚಿಪ್ಪಿನೊಳಗೆ ಕೆಂಪು ಎಳೆಗಳು ಬೇರಿನಂತೆ ಹರಡಿದ್ದವು. ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ನಾನು ಬಹಳ ಹೊತ್ತು ನೋಡಿದೆ. ಸೆಲ್ಲು ಖರ್ಚಾಗುತ್ತದೆ ಎಂದು ಮಾವ ಹೇಳಲಿಲ್ಲ. ಅವರ ಸ್ವಭಾವಕ್ಕೆ ಹೇಳಬೇಕಿತ್ತು.

"ಬೇಯಿಸಿಲ್ಲ" ಎಂದರು, ತಮಗೆ ತಾವೇ.

ಕಾವು ಮುಗಿಯುವ ಹೊತ್ತಿಗೆ ಮುಂಗಾರಿಗೆ ಮೊದಲಿನ ಗುಡುಗು ಶುರುವಾಯಿತು. ಯಾವ ದೇವರ ಹರಕೆಯನ್ನೂ ಪೂರ್ತಿ ನಂಬದ ನಮ್ಮ ಮಾವ ಬುಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತರು. ಒಂದು ಬೋಲ್ಟು ಸಾಕೇ? ಮೊದಲ ಗುಡುಗಿಗೆ ಬೀಗದ ಕೈಗೊಂಚಲು ಬುಟ್ಟಿಯ ಪಕ್ಕಕ್ಕೆ ಬಂತು. ಎರಡನೆಯದಕ್ಕೆ ಇಕ್ಕಳ, ಸುತ್ತಿಗೆ. ಜೋರಾಗಿ ಗುಡುಗಿದಾಗ ಅಡುಗೆಮನೆಗೆ ನುಗ್ಗಿ ಅತ್ತೆಯ ಎದುರಿಗಿದ್ದ ದೋಸೆ ಕಾವಲಿಯನ್ನೇ ಎತ್ತಿಕೊಂಡು ಹೋದರು.

"ರೀ! ಹಿಟ್ಟು ಕಲಸಿಟ್ಟಿದೀನಿ!"

"ಮರಿ ಆದ್ಮೇಲೆ ದೋಸೆ!"

ಆ ದಿನ ನಾವು ಉಪ್ಪಿಟ್ಟು ತಿಂದೆವು.

ಮರಿಗಳು ಎದ್ದವು. ಎಲ್ಲ ಮೊಟ್ಟೆಯೂ ಒಡೆಯಲಿಲ್ಲ, ಆದರೆ ಬಹುಪಾಲು ಒಡೆದವು. ಅತ್ತೆ, ನಾನು, ಎದುರುಮನೆಯ ಅಮ್ಮ ಬುಟ್ಟಿಯ ಸುತ್ತ ಕೂತು ನೋಡುತ್ತಿದ್ದೆವು. ಬಿಳಿಯ ಹತ್ತಿಯೊಳಗಿನಿಂದ ಒಂದು ಕಂದು ತಲೆ, ಒಂದು ಕಪ್ಪು ತಲೆ, ಒಂದು ಪಟ್ಟೆ ಪಟ್ಟೆಯ ತಲೆ. ಮಾವನ ಹುಬ್ಬು ಮೇಲೇರಿತು.

"ತಾಯಿ ಬೆಳ್ಳಗೆ. ಮರಿ ಕಪ್ಪಗೆ. ಏನೋ ಮೋಸ ಇದೆ."

"ಮೊಟ್ಟೆ ಯಾರ ಮನೆಯದು ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ ಮಾರಾಯ್ರೇ" ಎಂದರು ಅತ್ತೆ.

ಆ ಎರಡು ಕೋಳಿಗಳಿಗೆ ಮಾತ್ರ ಯಾವ ಅನುಮಾನವೂ ಬರಲಿಲ್ಲ. ಯಾರ ಮನೆಯದು, ಯಾವ ಬಣ್ಣದ್ದು, ಎಷ್ಟು ಬೆರಳಿನದು ಎಂದು ನೋಡದೆ ರೆಕ್ಕೆ ಅಗಲ ಮಾಡಿ ಎಲ್ಲವನ್ನೂ ಒಳಗೆ ಬಿಟ್ಟುಕೊಂಡವು.

ಕೆಲವು ದಿನಗಳ ಮೇಲೆ ಭದ್ರಾವತಿಯ ದಂಪತಿ ತಮ್ಮ ಪಾಲಿಗೆ ಬಂದರು. ಮರಿಗಳನ್ನು ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಇಟ್ಟುಕೊಂಡು ಹೊರಡುವಾಗ ಆ ಮನುಷ್ಯ ಮಾವನ ಗೇಟಿನ ಮುಂದೆ ತಾವಾಗಿಯೇ ನಿಂತರು. ಬುಟ್ಟಿಯ ಬಟ್ಟೆಗೆ ಕೈ ಹಾಕಿ, "ಸಾರ್, ಚೆಕ್ ಮಾಡ್ಕೊಳ್ಳಿ. ಜಾಸ್ತಿ ಒಯ್ತಿದೀನೋ ಏನೋ" ಎಂದರು, ನಗುತ್ತಾ.

ಮಾವ ಗೇಟಿನ ಚಿಲಕ ತಾವೇ ತೆಗೆದರು. "ಬೇಡ" ಎಂದರು. "ಹೋಗಿ."

ಕೋಳಿಗೆ ಕಬ್ಬಿಣದ ಕಥೆಯನ್ನು ಆಮೇಲೆ ಯಾವ ನಾಮಕರಣದಲ್ಲಿಯೂ ಅವರು ಹೇಳಲಿಲ್ಲ. ಬೇರೆ ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ಆದರೆ ಮನುಷ್ಯ ಬದಲಾದರು ಎಂದು ತಿಳಿಯಬೇಡಿ! ಮರಿಗಳು ಹಿತ್ತಲಿನಲ್ಲಿ ಓಡಾಡತೊಡಗಿದ ಕೆಲವೇ ದಿನಕ್ಕೆ ಮಾವ ಪೇಟೆಗೆ ಹೋಗಿ ಬಂದು, "ದುರ್ಗಿಗುಡಿಯ ಬಟ್ಟೆ ಅಂಗಡಿಯಲ್ಲಿ ಹೇಳಿದೀನಿ. ಸೋಮವಾರದಿಂದ ಹೋಗು" ಎಂದರು. ನನ್ನನ್ನು ಕೇಳಲಿಲ್ಲ. ನಾನು ಒಲ್ಲೆ ಎಂದೆ, ಅತ್ತೆಯ ಮುಂದೆ ಗೊಣಗಿದೆ. ಸೋಮವಾರ ಬೆಳಿಗ್ಗೆ ನನ್ನ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿಯಾಗಿತ್ತು. ಅತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಹಾಕಿಕೊಟ್ಟರು. ಹೋದೆ.

ಸಂಜೆ ಬಂದರೆ ಗೇಟಿನಲ್ಲಿ ಮಾವ ನಿಂತಿದ್ದರು.

"ಡಬ್ಬಿ ತೆಗಿ."

ನನಗೆ ಮುಖಕ್ಕೆ ಹೊಡೆದಂತಾಯಿತು. ಅಂಗಡಿಯಿಂದ ನಾನು ಏನಾದರೂ ಕದ್ದು ತಂದಿರುವೆನೇ? ರವಿಕೆ ಬಟ್ಟೆಯನ್ನು ಡಬ್ಬಿಯಲ್ಲಿ ಬಚ್ಚಿಟ್ಟಿರುವೆನೇ? ಕಣ್ಣಲ್ಲಿ ನೀರು ಬಂತು. ಆದರೂ ತೆಗೆದೆ. ಮಾವ ಬಗ್ಗಿ ನೋಡಿದರು. ಎರಡು ರೊಟ್ಟಿ ಹಾಗೇ ಇದ್ದವು.

"ಹೂಂ" ಎಂದರು. ಅಷ್ಟೇ. ಮುಚ್ಚಳ ಹಾಕಿ, ಜಗಲಿಯ ಮೇಲೆ ನನ್ನ ಪಕ್ಕ ಕೂತು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಎದುರುಮನೆಯ ಹುಂಜವನ್ನು ನೋಡುತ್ತಾ ಇದ್ದರು. ನಾನು ತಿಂದು ಮುಗಿಸುವವರೆಗೂ ಏಳಲಿಲ್ಲ.

ಮರುದಿನವೂ ಅದೇ. ಅದರ ಮರುದಿನವೂ. ಊಟ ಆಯಿತಾ ಎಂದು ಅವರು ನನ್ನನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಡಬ್ಬಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಸರ್ವೀಸಿನ ಅನುಭವ. ಡಬ್ಬಿ ಖಾಲಿ ಇದ್ದ ಮೊದಲ ಸಂಜೆ ಅವರು ಅದನ್ನು ತಲೆಕೆಳಗು ಮಾಡಿ ಕೊಡವಿ, ದಾರಿಯಲ್ಲಿ ದನಕ್ಕೆ ಹಾಕಿ ಬಂದೆಯಾ ಎನ್ನುವ ಹಾಗೆ ನನ್ನ ಮುಖವನ್ನೂ ಒಮ್ಮೆ ನೋಡಿ, "ಪಾಸ್" ಎಂದರು.

ಎಷ್ಟೋ ವರ್ಷ ಹೀಗೆ ನಡೆಯಿತು. ಅಂಗಡಿಯ ಹುಡುಗಿಯರು, "ನಿಮ್ಮ ಮಾವ ಎಷ್ಟು ಅನುಮಾನದವ್ರಕ್ಕಾ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ಮಾವ ಹೋದರು. ಆ ಬೋಲ್ಟು ಅವರ ದಿಂಬಿನ ಪಕ್ಕದ ಗೋಡೆಗೂಡಿನಲ್ಲಿ, ವಿಭೂತಿಯ ಗಟ್ಟಿಯ ಜೊತೆಗೇ ಇತ್ತು. ಅತ್ತೆ ಅದನ್ನು ಅಲ್ಲೇ ಬಿಟ್ಟಿದ್ದಾರೆ. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಮತ್ತೆ ಅಂಗಡಿಗೆ ಹೋದೆ. ಸಂಜೆ ಬಂದೆ. ಗೇಟು ತೆರೆದೇ ಇತ್ತು. ಯಾರೂ ಅಡ್ಡ ಬರಲಿಲ್ಲ.

ಗೇಟಿನಲ್ಲೇ ನಿಂತು ಡಬ್ಬಿಯ ಮುಚ್ಚಳ ತೆಗೆದೆ. ಒಂದು ರೊಟ್ಟಿ ಉಳಿದಿತ್ತು. ಜಗಲಿಯ ಮೇಲೆ ಕೂತು, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ಅದನ್ನು ಪೂರ್ತಿ ತಿಂದು ಒಳಗೆ ಹೋದೆ.